ಕೋಲ್ಮನ್ನನಿಗೆ ಹೆಗಲು

"ಎತ್ತರ ಹೊಂದಬೇಕ್ರಪ್ಪಾ. ಹಿಂದಿನವರು ಕುಳ್ಳಗಿದ್ರೆ ಪಾಪ, ಕೋಲ್ಮನ್ ಜಾರ್ಕೊಂಡು ಮನೆಗೇ ವಾಪಸ್ ಹೋಗ್ತಾನೆ," ಎನ್ನುತ್ತ ಗಿಲ್ಸನನ್ ಆರು ಜನ ಗಂಡಸರನ್ನು ನಡುಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಅಂಗೈಯಿಂದ ತಲೆ ಸವರಿ ಅಳೆಯುತ್ತಿದ್ದ. ಊರಿನ ಶವಪೆಟ್ಟಿಗೆಗಳೆಲ್ಲ ಅವನ ಅಂಗಡಿಯಿಂದಲೇ ಹೊರಡಬೇಕು. "ಈರ್ಲಾ, ನೀನು ಮುಂದೆ, ಎಡಗಡೆ."

ಈರ್ಲಾ ಒಂದು ಹೆಜ್ಜೆ ಮುಂದೆ ಬಂದ. ಬಾಗಿಲ ಆಚೆಯಿಂದ ಒಂದು ಕೈ ಅವನ ಕೋಟಿನ ತೋಳು ಹಿಡಿದೆಳೆಯಿತು. ಅವನ ಅಪ್ಪ ಮ್ಯಾಟಿ. ಬೆಳಗಿನಿಂದ ಅಂಗಳದಲ್ಲೇ ನಿಂತಿದ್ದ. ಹೆಣವಿದ್ದ ಕೋಣೆಗೆ ಕಾಲಿಟ್ಟಿರಲಿಲ್ಲ.

"ನೀನು ಹೊರಬೇಡ. ಚರ್ಚಿಂದ ಗೋರಿಯಂಗಳಕ್ಕೆ ಬರೀ ಏರು. ಊರೆಲ್ಲ ನೋಡ್ತಿರುತ್ತೆ."

"ಏನನ್ನ ನೋಡುತ್ತೆ?"

ಮ್ಯಾಟಿ ಮಗನ ಎಡಗಾಲಿನತ್ತ ಒಮ್ಮೆ ನೋಡಿ ಮುಖ ತಿರುಗಿಸಿದ.

"ಮಿಸೆಸ್ ಡೆವೇನಿ ಕೇಳಿದಾರಪ್ಪ."

"ಕೇಳ್ದೆ ಏನು! ತನ್ನ ಗಂಡ ಮಾಡಿದ್ದನ್ನ ಅವಳು ಮರೆತಿರಬಹುದು. ನಾನು ಮರೆತಿಲ್ಲ."

ಒಳಗೆ ಫಿಲೋಮಿನಾ ಡೆವೇನಿ ಗಂಡನ ತಲೆದೆಸೆಯಲ್ಲಿ ಕೂತಿದ್ದಳು. ಭಾನುವಾರ ಬೆಳಿಗ್ಗೆ ಶೂ ಲೇಸು ಕಟ್ಟಲು ಬಗ್ಗಿದ ಕೋಲ್ಮನ್ ಮತ್ತೆ ಮೇಲೇಳಲಿಲ್ಲ. ಅಷ್ಟೇ ಅವನ ಸಾವು. ಬಂದವರು ಅವಳ ಕೈ ಕುಲುಕಿ, ಟೀ ಕುಡಿದು, ಹ್ಯಾಮಿನ ಸ್ಯಾಂಡ್‌ವಿಚ್ ತಿಂದು, ಗೋಡೆಗೊರಗಿ ಹುಲ್ಲು ಕೊಯ್ಲಿನ ಮಾತಾಡುತ್ತಿದ್ದರು. ಅಷ್ಟರಲ್ಲಿ ಕೌಂಟಿಯ ಆಟದ ಮಂಡಳಿಯ ಅಧ್ಯಕ್ಷ ಡೊನಾಲ್ ಕೌಂಟಿ ತಂಡದ ಹೊಸದೊಂದು ಹಸಿರು ಜೆರ್ಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

"ನಿಮ್ಮ ದುಃಖದಲ್ಲಿ ನಾವೂ ಇದೀವಿ, ಫಿಲೋಮಿನಾ. ಇದನ್ನ ಪೆಟ್ಟಿಗೆ ಮೇಲೆ ಹೊದಿಸಬೇಕು ಅಂತ ಮಂಡಳಿಯವರ ಆಸೆ."

ಫಿಲೋಮಿನಾ ಜೆರ್ಸಿಯ ಅಂಚನ್ನು ಎರಡು ಬೆರಳಿನಿಂದ ಮುಟ್ಟಿ ನೋಡಿದಳು. "ಬಟ್ಟೆ ಚೆನ್ನಾಗಿದೆ. ಅವರಿಗೆ ಚಳಿ ಆಗ್ತಿದ್ದಾಗ ಕೊಟ್ಟಿದ್ರೆ ಹಾಕ್ಕೊಳ್ತಿದ್ರು. ಈಗ ಯಾಕೆ? ತಗೊಂಡ್ಹೋಗಿ ಡೊನಾಲ್. ಟೀ ಕುಡೀರಿ."

*

ಕೋಲ್ಮನ್ ಡೆವೇನಿ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಡ್ರಮ್ಲಾರಾ ಸುತ್ತಲಿನ ಹಟ್ಟಿಹಟ್ಟಿಗೂ ಅವನ ಗಾಡಿ ಹೋಗುತ್ತಿತ್ತು, ಹಾಗಾಗಿ ಯಾರ ಮನೆಯಲ್ಲಿ ಗಂಡುಮಗು ಹುಟ್ಟಿತು ಎಂಬುದು ಪಾದ್ರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಅದು ಫುಟ್‌ಬಾಲಿನ ಕೌಂಟಿ. ಹಾಕಿಯನ್ನು ಹೋಲುವ ಹರ್ಲಿಂಗ್ ಆಟದ ದಾಂಡು ಹಿಡಿದು ರಸ್ತೆಯಲ್ಲಿ ಹೋದರೆ "ಏನಯ್ಯಾ, ನಾಯಿ ಓಡ್ಸೋಕಾ?" ಎಂದು ಕೇಳುವವರೇ ಹೆಚ್ಚು. ಅಂಥಲ್ಲಿ ಅವನು ಹಾಲಿನ ಡೈರಿಯ ಹಿಂದಿನ ಜೌಗು ಮೈದಾನದಲ್ಲಿ ಮಕ್ಕಳನ್ನು ಕಲೆಹಾಕಿದ. ದೊಡ್ಡವರ ಹಳೆ ದಾಂಡುಗಳನ್ನು ತಂದು, ಕುಯ್ದು, ತುದಿ ಹೆರೆದು, ಒಬ್ಬೊಬ್ಬರ ಸೊಂಟದ ಎತ್ತರಕ್ಕೆ ಸರಿಯಾಗಿ ಮಾಡಿಕೊಡುತ್ತಿದ್ದ.

"ದಾಂಡು ದೊಡ್ಡದಾದ್ರೆ ಮಗು ಸಣ್ಣದಾಗಿಬಿಡುತ್ತೆ," ಎನ್ನುತ್ತಿದ್ದ.

ಅವನ ಮೈದಾನದಲ್ಲಿ ಯಾರೂ ಬೆಂಚಿನ ಮೇಲೆ ಕೂರುವಂತಿರಲಿಲ್ಲ. ದಪ್ಪಗಿದ್ದವನೂ ಆಡಬೇಕು, ಚೆಂಡು ಕಂಡರೆ ಕಣ್ಣು ಮುಚ್ಚುವವನೂ ಆಡಬೇಕು. ಆದರೆ ಮಕ್ಕಳಿಗೆ ಹದಿಮೂರು ತುಂಬುತ್ತಿದ್ದಂತೆ ಕೌಂಟಿಯವರು ಬಂದು ಆರಿಸುತ್ತಿದ್ದರು. ಮೀಸೆ ಮೊಳೆತು ಎತ್ತರ ಬೆಳೆದವರನ್ನು ಇಟ್ಟುಕೊಂಡು ಸಣ್ಣವರನ್ನು ಮನೆಗೆ ಕಳಿಸುತ್ತಿದ್ದರು. ಹಾಗೆ ಮನೆಗೆ ಬಂದ ಹುಡುಗ ದಾಂಡನ್ನು ಕೊಟ್ಟಿಗೆಯ ಅಟ್ಟಕ್ಕೆ ಎಸೆದರೆ ಮುಗಿಯಿತು. ಕೋಲ್ಮನ್ ಟ್ಯಾಂಕರನ್ನು ಅವರ ಗೇಟಿನಲ್ಲಿ ನಿಲ್ಲಿಸಿ, ಅಡುಗೆಮನೆಯಲ್ಲಿ ಕೂತು, "ಅವನು ಇನ್ನೂ ಬೆಳೀತಾನೆ ತಾಯಿ, ಗುರುವಾರ ಕಳ್ಸಿ," ಎಂದು ಬೇಡಿಕೊಳ್ಳುತ್ತಿದ್ದ. ಒಬ್ಬಿಬ್ಬರು ಬಂದರು. ಮಿಕ್ಕವರು ಫುಟ್‌ಬಾಲಿಗೆ ಹೋದರು, ಇಲ್ಲವೇ ಎಲ್ಲಿಗೂ ಹೋಗಲಿಲ್ಲ.

ಈರ್ಲಾನ ಓರಗೆಯವರಲ್ಲಿ ಕೊನೆಯವರೆಗೆ ಉಳಿದ ಪ್ರತಿಭೆಯೆಂದರೆ ಈರ್ಲಾ ಒಬ್ಬನೇ.

*

ಒಬ್ಬನೇ ಉಳಿದದ್ದರಿಂದ ಅವನು ಎಲ್ಲರಿಗೂ ಬೇಕಾದ. ಹದಿನಾರು, ಹದಿನೇಳರ ವಯಸ್ಸಿನಲ್ಲಿ ಶಾಲೆಗೆ ಆಡಿದ, ಕ್ಲಬ್ಬಿನ ಕಿರಿಯರಿಗೆ ಆಡಿದ, ಹಿರಿಯರಿಗೂ ಆಡಿದ, ಕೌಂಟಿಗೆ ಆಡಿದ. ಚಳಿಗಾಲದಲ್ಲಿ ಮ್ಯಾಟಿಯ ಮಾತು ಮೀರಲಾಗದೆ ಫುಟ್‌ಬಾಲನ್ನೂ ಆಡಿದ. ವಾರದಲ್ಲಿ ಒಂದು ಸಂಜೆಯೂ ಅವನ ಬೂಟು ಒಣಗುತ್ತಿರಲಿಲ್ಲ.

ಕಾರಿನಿಂದ ಇಳಿಯುವಾಗ ಹುಡುಗ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಹೊರಗಿಡುವುದನ್ನು ಕೋಲ್ಮನ್ ಕಂಡ. ಯಾರಿಗೂ ಹೇಳದೆ ಕೌಂಟಿಯ ಸಭೆಗೆ ಹೋದ. ಆಗ ಡೊನಾಲ್ ಆಟಗಾರರನ್ನು ಆರಿಸುವವನಾಗಿದ್ದ.

"ಆ ಹುಡುಗನಿಗೆ ಒಂದು ಚಳಿಗಾಲ ಬಿಡುವು ಕೊಡಿ," ಎಂದು ಕೋಲ್ಮನ್ ಕೇಳಿದ.

"ಇರೋ ಒಬ್ಬನ್ನ ಕೂರಿಸಿ ನಾವೇನು ಜಪಮಾಲೆ ಎಣಿಸೋದಾ?" ಎಂದ ಡೊನಾಲ್. ಸಭೆಯೆಲ್ಲ ನಕ್ಕಿತು.

ಆ ವರ್ಷವೇ ಡ್ರಮ್ಲಾರಾದ ಹುಡುಗರು, ಅಜ್ಜಂದಿರ ಕಾಲದ ನಂತರ ಮೊದಲ ಸಲ, ಹರ್ಲಿಂಗ್ ಫೈನಲ್ ತಲುಪಿದರು. ಊರಿನ ಕಂಬಕಂಬಕ್ಕೂ ಬಾವುಟ. ತಂಡದ ತರಬೇತುದಾರನಾಗಿದ್ದ ಕೋಲ್ಮನ್ ಉಡುಪಿನ ಕೋಣೆಯಲ್ಲಿ ಹೆಸರು ಕೂಗಿ ಜೆರ್ಸಿಗಳನ್ನು ಕೊಟ್ಟ. ಈರ್ಲಾನ ಹೆಸರು ಕೂಗಲಿಲ್ಲ.

"ಇವತ್ತು ನೀನು ಆಡಲ್ಲ ಮಗಾ."

"ನಂಗೇನೂ ಆಗಿಲ್ಲ."

"ಸಾಕ್ಸ್ ಹಾಕ್ಕೋ ನೋಡೋಣ. ನಿಂತ್ಕೊಂಡೇ."

ಈರ್ಲಾ ಗೋಡೆ ಹಿಡಿದು ಕಾಲನ್ನು ಎತ್ತಲು ನೋಡಿದ. ಮೊಣಕಾಲು ಅರ್ಧಕ್ಕೆ ಬಂದು ನಿಂತಿತು. ಮುಖ ಬಿಳಿಚಿತು. ಸಾಕ್ಸ್ ಕೈಯಲ್ಲೇ ಉಳಿಯಿತು.

ಒಂದೇ ಒಂದು ಪಾಯಿಂಟಿನಿಂದ ಸೋತರು. ಕಾರುಗಳ ನಡುವೆ ಮ್ಯಾಟಿ ಕೋಲ್ಮನ್ನನ ಕಾಲರ್ ಹಿಡಿದು, "ನನ್ನ ಮಗನ ಕೈಯಿಂದ ಕಪ್ ಕಿತ್ಕೊಂಡೆಯಲ್ಲೋ, ದರಿದ್ರದವನೇ!" ಎಂದು ಕೂಗಿದ. ಬಿಡಿಸಲು ಯಾರೂ ಬರಲಿಲ್ಲ. ಆ ಚಳಿಗಾಲದ ವಾರ್ಷಿಕ ಸಭೆಯಲ್ಲಿ ತರಬೇತುದಾರನ ಜಾಗಕ್ಕೆ ಕೋಲ್ಮನ್ನನ ಹೆಸರನ್ನು ಯಾರೂ ಸೂಚಿಸಲಿಲ್ಲ. ಅವನು ಹಿಂದಿನ ಸಾಲಿನಿಂದ ಎದ್ದು, ಕುರ್ಚಿ ಮಡಿಸಿ ಗೋಡೆಗೊರಗಿಸಿಟ್ಟು, ಮನೆಗೆ ನಡೆದ.

ಫೈನಲ್ ಮುಗಿದ ಹದಿನೈದು ದಿನಕ್ಕೇ ಕೌಂಟಿಯವರು ಈರ್ಲಾನಿಗೆ ನೋವು ಮರೆಸುವ ಸೂಜಿ ಚುಚ್ಚಿಸಿ ಆಡಿಸಿದರು. ಆಮೇಲೂ ಚುಚ್ಚಿಸಿದರು. ಹತ್ತೊಂಬತ್ತರ ವಯಸ್ಸಿಗೆ ಡಬ್ಲಿನ್ನಿನ ವೈದ್ಯರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, "ಈ ಸೊಂಟದ ಕೀಲು ನಿಮ್ಮ ತಂದೆಯದಾ?" ಎಂದು ಕೇಳಿದರು.

ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದ ವಾರ, ಮ್ಯಾಟಿ ಸಂತೆಗೆ ಹೋದ ಹೊತ್ತು ನೋಡಿ ಕೋಲ್ಮನ್ ಬಂದ. ಕೈಯಲ್ಲಿ ದಾಂಡು ಮಾಡುವ ಆ್ಯಶ್ ಮರದ ಒಂದು ಉದ್ದನೆ ಪಟ್ಟಿ, ಮೊಳೆಯ ಡಬ್ಬಿ. ಮೆಟ್ಟಿಲ ಗೋಡೆಗೆ ಹಿಡಿಕೆ ಬಡಿದುಕೊಟ್ಟ. "ಇಳಿಯುವಾಗ ಕೆಟ್ಟ ಕಾಲು ಮೊದಲು, ಹತ್ತುವಾಗ ಒಳ್ಳೇದು," ಎಂದ. ನಾನು ಆವತ್ತೇ ಹೇಳಿರಲಿಲ್ಲವೇ ಎಂಬ ಮಾತಿಗಾಗಿ ಈರ್ಲಾ ಕಾದ. ಕೋಲ್ಮನ್ ಆ ದಿನವೂ ಅದನ್ನು ಆಡಲಿಲ್ಲ, ಮುಂದೆಯೂ ಆಡಲಿಲ್ಲ.

*

ಚರ್ಚಿನಲ್ಲಿ ಡೊನಾಲ್ ಮಾತಾಡಿದ. "ಕೋಲ್ಮನ್ ಈ ಕೌಂಟಿಗೆ ಏನು ಕೊಟ್ಟ ಅಂತ ಕೇಳಿದ್ರೆ ಒಂದೇ ಮಾತು. ಈರ್ಲಾನನ್ನ ಕೊಟ್ಟ." ಜನ ತಲೆದೂಗಿದರು. ಮೊದಲ ಸಾಲಿನಲ್ಲಿ ಫಿಲೋಮಿನಾ ಕೈಚೀಲದ ಕೊಂಡಿಯನ್ನು ತೆಗೆದಳು, ಹಾಕಿದಳು.

ಪೂಜೆ ಮುಗಿದು ಹೊರಬಂದಾಗ ಡೊನಾಲ್ ಈರ್ಲಾನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಹನ್ನೆರಡರೊಳಗಿನ ಮಕ್ಕಳನ್ನ ನೀನು ನೋಡ್ಕೋಬೇಕು ಕಣಯ್ಯ. ಅವರಿಗೆ ಕಲಿಸ್ತಿದ್ದ ಆ ಮೇಷ್ಟ್ರು ಹುಡುಗ ಸಿಡ್ನಿಗೆ ಹೋದ ಮೇಲೆ ದಿಕ್ಕೇ ಇಲ್ಲ. ಮೂರು ಕ್ಲಬ್ ಸೇರಿಸಿ ಒಂದು ಮಾಡಿದೀವಿ."

"ಎಷ್ಟು ಮಕ್ಕಳಿದಾರೆ?"

"ಇದಾರೆ, ಇದಾರೆ. ಗೌರವಕ್ಕೆ ಸಾಲು ನಿಲ್ಲಿಸಿದೀನಿ. ಗೋರಿಯಂಗಳದ ಗೇಟಿನವರೆಗೂ. ನೀನೇ ನೋಡು."

ಗಿಲ್ಸನನ್ ಸನ್ನೆ ಮಾಡಿದ. ಆರು ಜನ ಪೆಟ್ಟಿಗೆಯನ್ನು ಎತ್ತಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ತೋಳು ಹಾಕಿ, ಏರು ದಾರಿ ಹಿಡಿದರು. ದಾರಿಯ ಬದಿಯ ಗೋಡೆಗೊರಗಿ ಮ್ಯಾಟಿ ನಿಂತಿದ್ದ, ಟೋಪಿ ತಲೆಯ ಮೇಲೇ ಇತ್ತು. ಮಗ ಕುಂಟುತ್ತ ಎದುರಿಗೆ ಬಂದಾಗ ಅವನು ನೆಲ ನೋಡಿದ.

ಎರಡೂ ಬದಿಯಲ್ಲಿ ಮಕ್ಕಳು ದಾಂಡುಗಳನ್ನು ಎದೆಗೆ ನೇರ ಹಿಡಿದು ನಿಂತಿದ್ದರು. ಎಡಗಡೆ ಮೊದಲಿಗೆ ಕೆಂಪು ಜಡೆಯ ಒಬ್ಬ ಹುಡುಗಿ, ಮುಂದಿನ ಹಲ್ಲು ಬಿದ್ದವಳು. ಆಮೇಲೆ ಕನ್ನಡಕದವನು. ಆಮೇಲೆ ಅವಳಿಗಳು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಗಾಡಿ ನಿಲ್ಲುವಷ್ಟು ಜಾಗ.

ಈರ್ಲಾನ ಸೊಂಟದಲ್ಲಿ ಕೆಂಡ ತಿರುಗುತ್ತಿತ್ತು. ಅವನು ಕೆಳತುಟಿ ಕಚ್ಚಿ ಎದುರಿನ ಮುಖಗಳನ್ನಷ್ಟೇ ನೋಡುತ್ತ ನಡೆದ. ತಿರುವು ದಾಟಿತು. ಅಲ್ಲೂ ಸಾಲಿತ್ತು. ಅದೇ ಕೆಂಪು ಜಡೆಯ ಹುಡುಗಿ ನಿಂತಿದ್ದಳು. ಅವಳ ಆಚೆ ಕನ್ನಡಕದವನು, ಕನ್ನಡಕ ಓರೆಯಾಗಿತ್ತು.

ಕಲ್ಲುಗೋಡೆಯ ಆಚೆ, ಕೆಸರು ಹೊಲದಲ್ಲಿ, ಡೊನಾಲ್ ಬಗ್ಗಿಕೊಂಡು ಕೈ ಬೀಸುತ್ತಿದ್ದ. ಪೆಟ್ಟಿಗೆ ದಾಟಿದ ಕೂಡಲೇ ಮಕ್ಕಳು ಗೋಡೆ ಹಾರಿ, ದಾಂಡುಗಳನ್ನು ಕಂಕುಳಲ್ಲಿ ಅವುಚಿಕೊಂಡು, ಮೇಲಕ್ಕೆ ಓಡುತ್ತಿದ್ದರು.

"ಎಷ್ಟೊಂದು ಮಕ್ಕಳು ನೋಡೇ! ದೇವರು ತಣ್ಣಗಿಟ್ಟಿರಲಿ," ಎಂದು ಹಿಂದಿನಿಂದ ಯಾವುದೋ ಮುದುಕಿ ಹೇಳಿದ್ದು ಕೇಳಿಸಿತು.

ಗೋರಿಯಂಗಳದ ಗೇಟಿನಲ್ಲಿ ಆ ಹುಡುಗಿ ಮತ್ತೆ ಇದ್ದಳು. ಮೊಣಕಾಲವರೆಗೆ ಕೆಸರು, ಒಂದು ಸಾಕ್ಸ್ ಹಿಮ್ಮಡಿಗೆ ಇಳಿದಿತ್ತು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದಳು. ಪೆಟ್ಟಿಗೆ ಹತ್ತಿರ ಬರುತ್ತಿದ್ದಂತೆ ಉಸಿರು ಬಿಗಿಹಿಡಿದು, ಬಾಯಿ ಮುಚ್ಚಿ, ದಾಂಡನ್ನು ನೆಲಕ್ಕೂರಿ ನೆಟ್ಟಗೆ ನಿಲ್ಲಿಸಿದಳು. ದಾಂಡು ಅವಳ ಸೊಂಟ ದಾಟಿ ಗಲ್ಲಕ್ಕೆ ಬರುತ್ತಿತ್ತು.