ತೊರೆಯ ಬಳಿಯ ಬಳ್ಳಿ

ಅಪ್ಪ ಬದುಕಿರುವವರೆಗೂ ನಮ್ಮ ಊರಿನಲ್ಲಿ ಮದ್ದಿಗೆಂದು ಬೆಕ್ಕಿನುಗುರು ಬಳ್ಳಿಯ ತೊಗಟೆಯನ್ನು ಬೇರೆ ಯಾರೂ ಕೆತ್ತುತ್ತಿರಲಿಲ್ಲ. ಗುಡ್ಡದ ಮೇಲೊಂದು, ತೊರೆಯ ಬಳಿ ಒಂದು. ಎರಡಕ್ಕೂ ಅದೇ ಎಲೆ, ಅದೇ ಕೊಕ್ಕೆಮುಳ್ಳು. ಆದರೂ ಒಂದು ಬಳ್ಳಿಯಲ್ಲಿ ಒಳ್ಳೆಯ ಶಕ್ತಿ ನೆಲೆಸಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ ಎನ್ನುತ್ತಿದ್ದರು ಅಪ್ಪ. ಗುರುತು ಹಿಡಿಯುವುದನ್ನು ನಮಗೆ ಕಲಿಸುವ ಮೊದಲೇ ಪೆರೆನೆ ನದಿಯಲ್ಲಿ ದೋಣಿ ಮಗುಚಿ ತೀರಿಕೊಂಡರು.

ಮರುವರ್ಷ ಅಕ್ಕ ಎವಾರಿಸ್ತಾಳ ಗಂಡ ಒಸಿಯಾಸ್ ಹಾಸಿಗೆ ಹಿಡಿದ. ಕೀಲುಗಳೆಲ್ಲ ಊದಿಕೊಂಡವು, ಜ್ವರ ಬಿಡಲೇ ಇಲ್ಲ. ಅಕ್ಕ ತೊರೆಯ ಬಳಿಯ ಬಳ್ಳಿಯ ತೊಗಟೆ ತಂದು ಕುದಿಸಿದಳು.

"ಮಾವನ ವಿದ್ಯೆ ನಿನ್ ಕೈಗೂ ಬಂತೇನೇ?" ಎಂದು ಕೆಣಕುತ್ತಲೇ ಅವನು ಕುಡಿದ. ಮೂರು ವಾರ ಕುಡಿದ. ಆಮೇಲೆ ಸತ್ತ.

ಅಂದಿನಿಂದ ಅಕ್ಕ ನೀರಿಗೆ ಹೋದಾಗಲೆಲ್ಲ ಆ ಬಳ್ಳಿಯೊಳಗಿಂದ ಅವನ ದನಿ ಕೇಳುತ್ತಿತ್ತಂತೆ. ಚಾಪೆಯ ಮೇಲೆ ಮಲಗಿ ಕೇಳುತ್ತಿದ್ದ ಹಾಗೆಯೇ, ಕಷಾಯ ಇನ್ನೂ ಕುದಿಯಲಿಲ್ಲವಾ ಎಂದು ಕೇಳುತ್ತಾನೆ ಎಂದು ನನಗೊಬ್ಬಳಿಗೇ ಹೇಳಿದಳು. ಅದು ನೀರಿನ ಸದ್ದು ಎಂದೆ ನಾನು.

ಏಳು ವರ್ಷದ ಮೇಲೆ ಲಿಮಾದಿಂದ ಗ್ರಿಸೆಲ್ಡಾ ಎಂಬ ರಸಾಯನಶಾಸ್ತ್ರಜ್ಞೆ ಬಂದು ಎರಡೂ ಬಳ್ಳಿಗಳ ತೊಗಟೆ ಒಯ್ದಳು. ಮಳೆ ಮುಗಿದ ಮೇಲೆ ಮತ್ತೆ ಬಂದವಳು ನಮ್ಮ ಜೊತೆ ಕೂತು, ಮರಗೆಣಸನ್ನು ಹುಳಿ ಬರಿಸಿದ ಮಸಾತೊ ಕುಡಿಯುತ್ತ ವಿವರಿಸಿದಳು. ಈ ಬಳ್ಳಿಯಲ್ಲಿ ಎರಡು ಬಗೆಯ ಆಲ್ಕಲಾಯ್ಡುಗಳು ಇರುತ್ತವಂತೆ. ಒಂದು ಮೈಗೆ ರೋಗದೊಡನೆ ಹೋರಾಡಲು ಒತ್ತಾಸೆಯಾದರೆ ಇನ್ನೊಂದು ಅದರ ಕೆಲಸವನ್ನೇ ಕೆಡಿಸುತ್ತದಂತೆ. ಗುಡ್ಡದ್ದರಲ್ಲಿ ಮೊದಲನೆಯದು ತುಂಬಿತ್ತು. ತೊರೆಯದ್ದರಲ್ಲಿ ಎರಡನೆಯದು. ಯಂತ್ರವಿಲ್ಲದೆ ನಿಮ್ಮಪ್ಪ ಇದನ್ನು ಹೇಗೆ ಕಂಡುಕೊಂಡರೋ ಎಂದು ಅವಳು ಬೆರಗುಪಟ್ಟಳು.

ಅಕ್ಕ ಮೆಲ್ಲಗೆ ಕೇಳಿದಳು: "ಗುಡ್ಡದ್ದು ಕೊಟ್ಟಿದ್ರೆ ಬದುಕ್ತಿದ್ನಾ?"

"ಗೊತ್ತಿಲ್ಲಕ್ಕ," ಎಂದಳು ಗ್ರಿಸೆಲ್ಡಾ. "ಅವ್ರಿಗೆ ಇದ್ದಿದ್ದು ಏನು ಕಾಯಿಲೆ ಅಂತಾನೇ ಯಾರೂ ನೋಡಿಲ್ವಲ್ಲ."

ನಾನು ಬಟ್ಟಲು ಕೆಳಗಿಟ್ಟೆ. ಅಂದು ತೊಗಟೆ ತರಲು ಬುಟ್ಟಿ ಹಿಡಿದು ಅಕ್ಕನ ಜೊತೆ ಹೋದವಳು ನಾನು. ಅವಳು ಅಪ್ಪನ ಹಾಗೆಯೇ ಗುಡ್ಡ ಹತ್ತಲು ಹೊರಟಿದ್ದಳು. ಬಿಸಿಲಿಗೆ ಬೇಸತ್ತು, ಎಲ್ಲಾ ಒಂದೇ ಬಳ್ಳಿ ತಾನೇ, ಇಲ್ಲೇ ಕೆತ್ತು ಎಂದವಳೂ ನಾನೇ.

ಗ್ರಿಸೆಲ್ಡಾ ಹೋದ ಮೇಲೆ ಅಕ್ಕನೆದುರು ಅದನ್ನು ಬಾಯಿಬಿಟ್ಟು ಹೇಳಿದೆ.

"ಮರ್ತಿಲ್ಲ ಕಣೇ," ಎಂದಳು. "ಬಳ್ಳಿ ಹತ್ರ ಹೋದಾಗ್ಲೂ ಅವ್ನಿಗೆ ಮಾತ್ರ ನಿನ್ ಹೆಸ್ರು ಹೇಳಿಲ್ಲ."

ಮಾರನೆಯ ಬೆಳಗ್ಗೆ ನಾನೊಬ್ಬಳೇ ತೊರೆಗೆ ಹೋದೆ. ಬಳ್ಳಿಯ ಮುಂದೆ ನಿಂತು, ಭಾವ, ತಪ್ಪು ನನ್ನದು ಎಂದು ನಾನೇ ಹೇಳಿದೆ. ಬಳ್ಳಿಯಿಂದ ಏನೂ ಕೇಳಿಸಲಿಲ್ಲ.

ಅಂದಿನಿಂದ ಅಕ್ಕನಿಗೂ ಕೇಳಿಸುತ್ತಿಲ್ಲ. ಕೊಡ ಪಕ್ಕಕ್ಕಿಟ್ಟು, ಕಾಂಡಕ್ಕೆ ಕಿವಿಯಾನಿಸಿ ಗಂಟೆಗಟ್ಟಲೆ ಕೂತಿರುತ್ತಾಳೆ. ನಾನು ಅವನಿಗೆ ಹೇಳಿಬಿಟ್ಟೆನೆಂದು ನನ್ನ ಜೊತೆ ಮಾತು ಬಿಟ್ಟಿದ್ದಾಳೆ.