ದೊಡ್ಡಮ್ಮನ ದವಡೆ ಹಲ್ಲು

ಇಷ್ಟು ಚಿಕ್ಕದೇ ದೊಡ್ಡಮ್ಮನ ಈ ನಾಲಿಗೆ, ದೀಪದ ಬಿಳಿ ಬೆಳಕಿನಲ್ಲಿ ಒದ್ದೆಯಾಗಿ ಮುದುಡಿಕೊಂಡು ಬಿದ್ದಿದೆ, ಇಡೀ ಮನೆಯನ್ನು ಕುಣಿಸುವ ನಾಲಿಗೆ ಇದೇನಾ, ಅವಳು ಹಲ್ಲು ನೋಡುವ ಕನ್ನಡಿಯ ಕಡ್ಡಿಯಿಂದ ಅದನ್ನು ಪಕ್ಕಕ್ಕೆ ಒತ್ತಿ ಹಿಡಿದಳು, ಬೇಕಾದ್ದಕ್ಕಿಂತ ತುಸು ಗಟ್ಟಿಯಾಗಿಯೇ — ಬಾಯಲ್ಲಿರೋ ನೀರು ಎಳಿ, ಎಂದರು ಡಾಕ್ಟರಮ್ಮ, ಎಳೆದಳು, ಕೊಳವೆ ಗೊರಗೊರ ಎಂದಿತು, ಕಂಡವರ ಎಂಜಲು ಬಳಿಯೋದೂ ಒಂದು ಕೆಲಸಾನೇನೇ ಎಂದಿದ್ದು ಇದೇ ಬಾಯಿ, ಅವಳ ತುತ್ತು ಇನ್ನೂ ಕೈಯಲ್ಲಿರುವಾಗ, ನಿಮ್ಮಮ್ಮ ಸತ್ತ ಮೇಲೆ ಸಾಕಿದ್ದು ಇದಕ್ಕಾ, ತೆಪ್ಪಗೆ ನನ್ನ ಮೊಮ್ಮಕ್ಕಳನ್ನ ನೋಡ್ಕೊಂಡು ಬಿದ್ದಿರು — ಸಾಕಿದ್ದಂತೆ, ಆ ಮೊಮ್ಮಕ್ಕಳ ಮೂಗು ಒರೆಸುತ್ತ, ಪಾತ್ರೆ ತಿಕ್ಕುತ್ತ, ಬಾಚಿಹಲ್ಲು ಕೋರೆಹಲ್ಲು ದವಡೆ ಹಲ್ಲು ಎಂದು ಬಾಯಿಪಾಠ ಮಾಡಿದ್ದು ಯಾರು, ಏನೇ ಅದು ಗೊಣಗಾಟ, ಹುಚ್ಚು ಹಿಡೀತಾ, ಹಿಡಿದಿದೆ, ಹೌದು, ಸೂಜಿ ರೋಗಿಯ ಕಣ್ಣಿಗೆ ಬೀಳದಂತೆ ಗದ್ದದ ಕೆಳಗಿಂದ ಡಾಕ್ಟರಮ್ಮನಿಗೆ ದಾಟಿಸುವುದನ್ನು ಕಲಿತ ಕೈ ಇದು, ಕಲಿಯುವಾಗ ಟ್ರೇ ಕೆಡವಿ ಬೈಸಿಕೊಂಡ ಕೈ, ಬೆಳಿಗ್ಗೆಯಷ್ಟೇ ಡಾಕ್ಟರಮ್ಮ ಹೇಳಿದರು, ಈ ಹಲ್ಲಿನ ಕೆಲಸದ ತರಬೇತಿಗೆ ಒಬ್ಬಳನ್ನ ಕಳಿಸ್ಬಹುದು, ನಿನ್ನೇ ಕಳಿಸ್ತೀನಿ, ಮನೆಯವರು ಒಪ್ಪಬೇಕಷ್ಟೆ, ಅವ್ರಿಗೆ ಇವತ್ತೇ ಹೇಳ್ಬೇಕು ನಾನು, ಆದರೆ ದೊಡ್ಡಮ್ಮ ಊದಿದ ಕೆನ್ನೆ ಹಿಡಿದುಕೊಂಡು, ಮಧ್ಯಾಹ್ನ ಕರೆತರುವಾಗ ದಾರಿಯುದ್ದಕ್ಕೂ, ಹಲ್ಲು ಕೀಳಿಸ್ಕೊಂಡು ನಾನೇ ಹೇಳ್ತೀನಿ ಆ ಯಮ್ಮಂಗೆ, ನಾಳೆಯಿಂದ ಇವಳು ಬರಲ್ಲ ಅಂತ — ಇಕ್ಕಳ, ಕೊಟ್ಟಳು, ಗದ್ದದ ಕೆಳಗಿಂದ, ಕರಕ್ ಎಂದಿತು, ಬೇರು ಬಿಡಲೊಲ್ಲದು, ಬಿಡು ಪೀಡೆ, ಬಿಡು, ಬಿಟ್ಟಿತು, ಹಳದಿ ಹಲ್ಲು ಬಟ್ಟಲಲ್ಲಿ ಟಣ್ ಎಂದಿತು, ಹತ್ತಿ ಕಚ್ಚಿ ಹಿಡ್ಕೊಳ್ಳಿ, ಬಾಯಿ ತೆಗೀಬೇಡಿ, ತೆಗೆದ್ರೆ ರಕ್ತ ನಿಲ್ಲಲ್ಲ, ಎಂದು ಹೇಳಿ ಡಾಕ್ಟರಮ್ಮ ನಲ್ಲಿಯ ಕಡೆ ತಿರುಗಿದರು, ಬೆನ್ನು ಮಾತ್ರ ಕಾಣುತ್ತಿದೆ, ಸೋಪಿನ ನೊರೆ, ಏನಮ್ಮಾ, ಹುಡುಗೀನ ತರಬೇತಿಗೆ ಕಳಿಸೋಣ್ವಾ, ಒಪ್ಪಿಗೇನಾ, ದೊಡ್ಡಮ್ಮನ ತಲೆ ಅತ್ತ ಇತ್ತ, ಜೋರಾಗಿ ಅತ್ತ ಇತ್ತ, ಹತ್ತಿಯ ಹಿಂದಿನಿಂದ ಮ್ಞೂಂ ಮ್ಞೂಂ ಎಂದು ಗಂಟಲು, ಏನಂತಾರೆ ಇವ್ರು, ಎಂದಿತು ಆ ಬೆನ್ನು, ನೀರು ಸುರಿಯುತ್ತಲೇ ಇದೆ, ಒಪ್ಪಿಗೆಯಂತೆ ಮೇಡಂ, ಎಂದಳು ಅವಳು, ತನ್ನದೇ ದನಿ, ಎಷ್ಟು ತಣ್ಣಗೆ, ಕಳಿಸಿ ಅಂತಿದಾರೆ, ಸರಿ ಬಿಡು, ಈಗ್ಲೇ ಫೋನ್ ಮಾಡ್ತೀನಿ, ಬಾಗಿಲು ಮುಚ್ಚಿತು, ದೊಡ್ಡಮ್ಮನ ಕಣ್ಣು ಸಿಡಿಯುವಂತಿದೆ, ಮನೆಗೆ ಬಾ ನಿನಗೆ ಎನ್ನುವ ಕಣ್ಣು, ಬರುತ್ತೇನೆ, ಬಂದೇ ಬರುತ್ತೇನೆ, ಒರೆಸುವ ಬಟ್ಟೆ ಅವಳ ಕೈಯಲ್ಲೇ ಇದೆ, ಮರಗಟ್ಟಿದ ತುಟಿಯ ಮೂಲೆಯಿಂದ ಜೊಲ್ಲಿನ ಎಳೆ, ಕೆಂಪು ಬೆರೆತದ್ದು, ಇಳಿಯುತ್ತಿರುವುದು ದೊಡ್ಡಮ್ಮನಿಗೇ ಗೊತ್ತಿಲ್ಲ, ಗದ್ದ ದಾಟಿತು, ಒರೆಸಬೇಕು, ಒರೆಸುವುದೇ ತನ್ನ ಕೆಲಸ, ಎಳೆ ತೂಗುತ್ತಿದೆ, ಕೈ ಏಳುತ್ತಿಲ್ಲ, ಕೆಂಪು ಎಳೆ, ಬೀಳುತ್ತಿಲ್ಲ, ತೂಗುತ್ತಿದೆ, ಕೆಂಪು ಎಳೆ —