ಹಸಿರು ಬಣ್ಣದ ಅಡಿಯ ನಾಲ್ಕು ತೂತು

ನನ್ನ ಬಲಗೈಯ ಎರಡು ಬೆರಳುಗಳ ತುದಿ ತೆಗೆದ ಮೆಷಿನನ್ನು ನಾನೇ ಗುಜರಿ ಅಂಗಡಿಯಿಂದ ಮನೆಗೆ ತಂದೆ. ಸುದ್ದಿ ಉಚ್ಚಿಲದಲ್ಲಿ ಮನೆಮನೆ ಸುತ್ತಿತು. ಬೇಬಿಗೆ ತಲೆ ಕೆಟ್ಟಿದೆ ಎಂದರು. ತಲೆ ಕೆಟ್ಟಿರಲಿಲ್ಲ, ಸಿಟ್ಟು ಬಂದಿತ್ತು. ಹೆಂಗಸರ ವಿಷಯದಲ್ಲಿ ಜನ ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ.

ಕಾಪುವಿನಲ್ಲಿ ಹೆದ್ದಾರಿ ಬದಿಗೆ ತಿಲಕ್ ಅವರ ಬಾಗಿಲು-ಕಿಟಕಿಯ ವರ್ಕ್‌ಶಾಪ್ ಉಂಟು. ಅಲ್ಲಿ ಹಲಗೆಯ ಮುಖ ಸಮ ಮಾಡುವ ಪ್ಲೇನಿಂಗ್ ಮೆಷಿನ್ ನನ್ನ ಪಾಲಿಗಿತ್ತು. ಎರಡು ಕಬ್ಬಿಣದ ಮೇಜು, ನಡುವೆ ತಿರುಗುವ ಬ್ಲೇಡು, ಬ್ಲೇಡಿನ ಮೇಲೆ ಸ್ಪ್ರಿಂಗ್ ಇರುವ ಒಂದು ಕವರ್. ಹಲಗೆ ಬಂದರೆ ಕವರ್ ಸರಿಯುತ್ತದೆ, ದಾಟಿ ಹೋದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದು ದಿನ ಅರ್ಜೆಂಟ್ ಆರ್ಡರ್ ಇತ್ತು. "ಕವರ್ ತೆಗೆಯುವಾ ಬೇಬಿಯಕ್ಕ, ಬೇಗ ಆಗ್ತದೆ" ಎಂದು ಧಣಿ ತಿಲಕರೇ ಬಂದು ಸ್ಕ್ರೂ ಬಿಚ್ಚಿದರು. ಆ ಸಂಜೆಯೇ ನನ್ನ ಬೆರಳು ಹೋಯಿತು.

ಆಸ್ಪತ್ರೆಯಿಂದ ಬರುವಷ್ಟರಲ್ಲಿ ಕಥೆಯೇ ಬೇರೆಯಾಗಿತ್ತು. ಆ ಮೆಷಿನಿಗೆ ಕವರ್ ಯಾವತ್ತೂ ಇರಲೇ ಇಲ್ಲವಂತೆ, ನಾನು ಮಾತಾಡುತ್ತಾ ಕೆಲಸ ಮಾಡಿದ್ದಂತೆ. ಜೊತೆಗೆ ದುಡಿದವರನ್ನು ಕೇಳಿದರೆ ಅವರಿಗೆ ನೆನಪಿಲ್ಲ, ಅವರದೂ ಹೊಟ್ಟೆಪಾಡು. ಸಾಲದ್ದಕ್ಕೆ ಧಣಿ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಮೆಷಿನಿಗೆ ರಕ್ತದ ರುಚಿ ಹತ್ತಿದೆ, ಜಾಗದಲ್ಲಿ ಇಟ್ಟುಕೊಳ್ಳಬೇಡಿ ಎಂದು ಬಂತು. ಹಾಗೆ ಅದು ಸಂತೆಕಟ್ಟೆಯ ಗುಜರಿಗೆ ಹೋಯಿತು. ಅಜಾಗರೂಕತೆ ನನ್ನದು, ರುಚಿ ಮೆಷಿನಿನದು, ಧಣಿಯದು ಮಾತ್ರ ಏನೂ ಇಲ್ಲ.

ಇಷ್ಟನ್ನೂ ನಾನು ನುಂಗಿಕೊಳ್ಳುತ್ತಿದ್ದೆನೋ ಏನೋ. ನುಂಗಲಾಗದೆ ಹೋದದ್ದು ನನ್ನ ಗಂಡ ಚೆನ್ನಪ್ಪನವರ ಮಾತು. ಮೀನಿನ ಟೆಂಪೋ ಓಡಿಸುವ ಮನುಷ್ಯ, ಕೆಟ್ಟವರಲ್ಲ. ಕೈಗೆ ಬ್ಯಾಂಡೇಜ್ ಇದ್ದಷ್ಟು ದಿನ ಅನ್ನ ಕಲಸಿ ಬಾಯಿಗೆ ಕೊಟ್ಟವರು. ಹಾಗೆ ಕೊಡುತ್ತಲೇ ಒಂದು ದಿನ ಹೇಳಿದರು:

"ಕವರ್ ಇತ್ತು ಅಂತ ನಿನಗೆ ಅನಿಸಿರಬೇಕು ಮಾರಾಯ್ತಿ. ಪೆಟ್ಟಾದಾಗ ಹಾಗೆಲ್ಲ ಆಗ್ತದಂತೆ."

ಬೆರಳು ಹೋದಾಗ ನಾನು ಅತ್ತಿರಲಿಲ್ಲ. ಅವತ್ತು ಅನ್ನದ ಎದುರು ಕೂತು ಅತ್ತೆ.

ಕೈ ಮಾಗಿದ ಮೇಲೆ ಗುಜರಿಗೆ ಹೋದೆ. ಮೆಷಿನ್ ಮಳೆಯಲ್ಲಿ ನೆನೆದು, ಮೇಜುಗಳು ಕೆಂಪಗೆ ತುಕ್ಕು ಹಿಡಿದಿದ್ದವು. ಆದರೆ ಒಂದು ಬದಿಗೆ ಮಾತ್ರ ಹೊಸ ಹಸಿರು ಬಣ್ಣ ಹೊಳೆಯುತ್ತಿತ್ತು. ಗುಜರಿಗೆ ಹಾಕುವ ಮೆಷಿನಿಗೆ ಯಾರಾದರೂ ಬಣ್ಣ ಹೊಡೆಯುತ್ತಾರಾ? ಅದೂ ಕವರ್ ಕೂರುತ್ತಿದ್ದ ಬದಿಗೆ?

ಅಲ್ಲಿ ಬಾಯಿ ಬಿಡಲಿಲ್ಲ. ಮನೆಯ ಹಿಂದಿನ ಶೆಡ್ಡಿಗೆ ತಂದು, ಮೇಜುಗಳನ್ನು ಸೀಮೆಎಣ್ಣೆ ಹಾಕಿ ಎಮರಿ ಕಾಗದದಲ್ಲಿ ಉಜ್ಜಿದೆ. ಎಡಗೈಗೆ ಆ ಕೆಲಸ ಅಭ್ಯಾಸವಿರಲಿಲ್ಲ, ಅಭ್ಯಾಸ ಮಾಡಿಸಿದೆ. ತುಕ್ಕು ಹೋಗಿ ಕಬ್ಬಿಣ ಬಿಳುಪಾಗಿ ಕಂಡ ಮೇಲೆ ಆ ಹಸಿರಿಗೆ ಉಳಿ ಹಚ್ಚಿದೆ. ಬಣ್ಣದ ಅಡಿಯಲ್ಲಿ ಎಂ-ಸೀಲ್ ಅಂಟು, ಒಣಗಿ ಕಲ್ಲಾಗಿತ್ತು. ಅದನ್ನು ಕೆತ್ತಿದರೆ ತೂತು, ಅದರ ಪಕ್ಕದಲ್ಲಿ ಇನ್ನೊಂದು. ಒಟ್ಟು ನಾಲ್ಕು, ಒಳಗೆ ಸ್ಕ್ರೂ ತಿರುಗಿ ಕೂರುವ ಸುರುಳಿ ಗೆರೆ ಇನ್ನೂ ಹಾಗೇ ಇತ್ತು.

"ಒಮ್ಮೆ ಬನ್ನಿ ಇಲ್ಲಿ" ಎಂದು ಗಂಡನನ್ನು ಕರೆದೆ. "ಇದು ನನಗೆ ಅನಿಸಿದ್ದಾ? ಮುಟ್ಟಿ ನೋಡಿ."

ಅವರು ಒಂದೊಂದು ತೂತನ್ನೂ ಬೆರಳಲ್ಲಿ ಸವರಿದರು.

"ನಾನು ನಿನ್ನನ್ನು ನಂಬಬೇಕಿತ್ತು" ಎಂದರು.

"ಹೌದು, ನಂಬಬೇಕಿತ್ತು" ಎಂದೆ. ಸಮಾಧಾನ ಹೇಳುವ ಮನಸ್ಸು ನನಗೆ ಬರಲಿಲ್ಲ.

ಮರುದಿನ ಮೆಷಿನಿನ ಬಿಡಿಭಾಗಗಳನ್ನು ತಮ್ಮ ಮೀನಿನ ಟೆಂಪೋದಲ್ಲಿ ಹಾಕಿ ನನ್ನನ್ನೂ ಕೂರಿಸಿಕೊಂಡು ಅವರೇ ಕಾರ್ಕಳಕ್ಕೆ ಹೊರಟರು. ಅಲ್ಲಿ ಲೇಥ್ ಅಂಗಡಿಯ ಸಿಲ್ವೆಸ್ಟರ್ ಪೊರ್ಬುಗಳು ಮೊದಲು ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಆಮೇಲೆ ಬಿಡಿಭಾಗಗಳನ್ನು ನೋಡಿದರು. ಬ್ಲೇಡು ಕೂರುವ ಹಳೆಯ ಬ್ಲಾಕ್ ಚೌಕದ್ದು. ಕೈ ಜಾರಿದರೆ ಒಳಗೆ ಎಳೆದುಕೊಳ್ಳುವ ಜಾತಿಯದು.

"ದುಂಡು ಬ್ಲಾಕ್ ಹಾಕುವಾ ಬೇಬಿಯಕ್ಕ. ಅಷ್ಟು ಎಳೆಯುವುದಿಲ್ಲ. ಆದರೂ ಬ್ಲೇಡು ಬ್ಲೇಡೇ, ನೆನಪಿರಲಿ" ಎಂದರು.

"ನೆನಪು ಕೈಯಲ್ಲೇ ಉಂಟು ಪೊರ್ಬುಗಳೇ" ಎಂದೆ. ಅವರು ನಕ್ಕರು. ನಾನೂ ನಕ್ಕೆ.

ದುಂಡು ಬ್ಲಾಕ್ ಬಂತು, ಹೊಸ ಬೇರಿಂಗ್ ಬಂತು, ಮೊಣಕಾಲಲ್ಲಿ ಒತ್ತಿದರೂ ಮೆಷಿನ್ ನಿಲ್ಲುವಂತೆ ಕೆಂಪು ಸ್ವಿಚ್ ಬಂತು. ಹೊಸ ಕವರನ್ನು ಆ ನಾಲ್ಕು ತೂತಿಗೇ ಕೂರುವಂತೆ ಮಾಡಿಸಿದೆ. ಸ್ಕ್ರೂ ಬಿಗಿಯುವ ಕೆಲಸ ಗಂಡನಿಗೆ ಕೊಟ್ಟೆ. ಮೊದಲ ಹಲಗೆ ಇಡುವ ಮುಂಚೆ ಕವರನ್ನು ಮತ್ತೆ ಮತ್ತೆ ಸರಿಸಿ ನೋಡಿದೆ, ಸುಳ್ಳೇಕೆ ಹೇಳಲಿ. ಆಮೇಲೆ ತಳ್ಳಿದೆ. ಹಲಗೆಯ ಆಚೆ ತುದಿ ಕನ್ನಡಿಯಂತೆ ಹೊರಬಂತು.

ಮೂಗು ಮುರಿದವರೇ ಹಲಗೆ ಹಿಡಿದುಕೊಂಡು ಬರತೊಡಗಿದರು. ಕೊನೆಗೊಂದು ದಿನ ತಿಲಕ್ ಕೂಡ ಬಂದರು. ಅವರ ಹೊಸ ಮೆಷಿನಿನ ಮೋಟರ್ ಸುಟ್ಟಿತ್ತು, ಕಡಿಯಾಳಿಯ ಗಿರಾಕಿಯ ಗೃಹಪ್ರವೇಶ ಹತ್ತಿರ ಬಂದಿತ್ತು, ಅಷ್ಟು ಅಗಲದ ಹಲಸಿನ ಹಲಗೆ ಹಿಡಿಯುವ ಮೆಷಿನ್ ಹತ್ತಿರದಲ್ಲಿ ಬೇರೆ ಇರಲಿಲ್ಲ. ರಕ್ತದ ರುಚಿಯ ವಿಷಯ ಅವರು ಎತ್ತಲಿಲ್ಲ.

ಶೆಡ್ಡಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಚೆನ್ನಪ್ಪನವರು ಹಲಗೆ ಎತ್ತಿಕೊಡುತ್ತಿದ್ದರು. ನಾನು ತಳ್ಳುತ್ತಿದ್ದೆ. ತಿಲಕ್ ವಾಚ್ ನೋಡಿದರು, ಮೊಬೈಲ್ ನೋಡಿದರು, ಕೊನೆಗೆ ತಡೆಯಲಾಗದೆ ಮೆಷಿನಿನ ಸದ್ದನ್ನೂ ಮೀರಿ ಕೂಗಿದರು:

"ಆ ಕವರ್ ಒಮ್ಮೆ ತೆಗೀರಿ ಬೇಬಿಯಕ್ಕ, ಬೇಗ ಆಗ್ತದೆ! ನಮ್ಮಲ್ಲಿ ಇರುವಾಗ ತೆಗೆದಿರಲಿಲ್ವಾ?"

ನಾನು ಕೆಂಪು ಸ್ವಿಚ್ ಒತ್ತಿದೆ. ಬ್ಲೇಡು ಪೂರ್ತಿ ನಿಲ್ಲುವವರೆಗೆ ಕಾದೆ. ಕವರ್ ಇತ್ತೆಂದು ತಮ್ಮ ಬಾಯಿಂದಲೇ ಬಂದದ್ದು ತಿಲಕ್‌ಗೆ ಆಗಲೇ ತಿಳಿದಿತ್ತು.

"ಇನ್ನೊಮ್ಮೆ ಹೇಳಿ ತಿಲಕರೇ" ಎಂದೆ. ಧಣಿ ಎನ್ನಲಿಲ್ಲ. "ಮೆಷಿನ್ ಸದ್ದಿಗೆ ಇವರಿಗೆಲ್ಲ ಕೇಳಿಸಿತೋ ಇಲ್ಲವೋ."

"ನನಗೆ ಕೇಳಿಸಿತು" ಎಂದರು ಚೆನ್ನಪ್ಪ. ಗಿರಾಕಿಗಳೂ ತಲೆಯಾಡಿಸಿದರು.

ತಿಲಕ್ ವಾಪಸ್ ಒಯ್ಯಲು ತಮ್ಮ ಹಲಗೆಗಳಿಗೆ ಕೈ ಹಾಕಿದರು.

"ಬಿಡಿ ಅದನ್ನು. ಹಿಡಿದ ಕೆಲಸ ನಾನು ಮುಗಿಸಿಯೇ ಕೊಡುವುದು, ಕವರ್ ಹಾಕಿಯೇ" ಎಂದೆ. "ನೀವು ಅಲ್ಲಿ ನಿಂತು ನೋಡಿ."

ಮೆಷಿನ್ ಮತ್ತೆ ಶುರು ಮಾಡಿದೆ. ಒಂದೊಂದೇ ಹಲಗೆಯನ್ನು ನಿಧಾನಕ್ಕೆ ತಳ್ಳಿದೆ. ಕವರ್ ತೆರೆದುಕೊಂಡಿತು, ಮುಚ್ಚಿಕೊಂಡಿತು. ಕೊನೆಯ ಹಲಗೆ ಮುಗಿಯುವವರೆಗೂ ಅವರು ಅಲ್ಲೇ ನಿಂತು ಅದನ್ನು ನೋಡಬೇಕಾಯಿತು.